ಇಪ್ಪತ್ತೊಂದನೆಯ ಕಂಬ

ಮಿನಿಯಾಪೊಲಿಸ್‌ನ ಪಠ್ಯಪುಸ್ತಕ ಕಂಪನಿಯೊಂದರಲ್ಲಿ ವರ್ನಾ ಕೋಲ್‌ಸ್ಟಾಡ್‌ಗೆ ಒಪ್ಪಿಸಿದ್ದು ಸುಲಭದ ಕೆಲಸ. ಆರನೇ ತರಗತಿಯ ಗಣಿತ ಪುಸ್ತಕದ ಐದನೆಯ ಆವೃತ್ತಿ ಬರಲಿತ್ತು. ಶಾಲೆಗಳಿಂದ ಬಂದ ಹಳೆಯ ಪತ್ರಗಳನ್ನು ಓದಿ, ತಪ್ಪು ತೋರಿಸಿದವನ್ನು ಬೇರೆ ಎತ್ತಿಡಬೇಕು. ನಾರ್ತ್ ಡಕೋಟದ ಊರೊಂದರಲ್ಲಿ ವರ್ಷಗಟ್ಟಲೆ ಅದೇ ಪುಸ್ತಕ ಹಿಡಿದು ಪಾಠ ಹೇಳಿ ನಿವೃತ್ತಳಾದವಳಿಗೆ ಇದೇನು ಮಹಾ.

ಪೆಟ್ಟಿಗೆಯ ತಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಪತ್ರವೊಂದಿತ್ತು. ಅಕ್ಷರ ಕಂಡೊಡನೆ ಅವಳಿಗೆ ಗುರುತು ಹತ್ತಿತು. ಮಾರ್ಲಿಸ್ ಫಿಶರ್, ಹತ್ತೊಂಬತ್ತು ವರ್ಷದ ಹಿಂದಿನ ಅವಳ ವಿದ್ಯಾರ್ಥಿನಿ.

"ಪುಸ್ತಕದವರಿಗೆ. ಅರವತ್ತಡಿ ಉದ್ದ, ನಲವತ್ತಡಿ ಅಗಲದ ಜಾಗದ ಸುತ್ತ ಹತ್ತಡಿಗೊಂದು ಬೇಲಿಕಂಬ ನೆಟ್ರೆ ಎಷ್ಟು ಬೇಕು ಅಂತ ಕೇಳಿದೀರಿ. ನಾನು ಇಪ್ಪತ್ತು ಅಂದೆ. ಟೀಚರ್ ಪುಸ್ತಕದಲ್ಲಿ ಇಪ್ಪತ್ತೊಂದು ಅಂತಿದೆಯಂತೆ. ಸುತ್ತು ಹಾಕಿ ಬಂದ್ರೆ ಕೊನೇ ಕಂಬ ಅಂದ್ರೆ ಮೊದಲನೇದೇ ಅಲ್ವಾ? ಚಿತ್ರ ಬರೆದಿದೀನಿ, ಎಣಿಸಿ ನೋಡಿ. ನಮ್ಮ ಮಿಸೆಸ್ ಕೋಲ್‌ಸ್ಟಾಡ್ ತುಂಬಾ ಒಳ್ಳೇವ್ರು. ನೀವು ಹೇಳಿದ್ರೆ ತಿದ್ದುತಾರೆ."

ಮೇಲೆ 'ಕಡತಕ್ಕೆ' ಎಂಬ ಮೊಹರು. ಉತ್ತರ ಹೋದ ಗುರುತಿಲ್ಲ.

ಟೀಚರ್ ಪುಸ್ತಕದಲ್ಲಿ ಉತ್ತರಗಳು ಗುಲಾಬಿ ಬಣ್ಣದಲ್ಲಿ ಅಚ್ಚಾಗಿರುತ್ತವೆ. ಮಕ್ಕಳ ಪುಸ್ತಕದಲ್ಲಿ ಅಲ್ಲಿ ಬರೀ ಖಾಲಿ ಜಾಗ. ಆ ಗುಲಾಬಿ ಅಕ್ಷರವನ್ನು ವರ್ನಾ ಎಂದೂ ಅನುಮಾನಿಸಿದವಳಲ್ಲ. ಹಿಂದಿನ ಪುಟದಲ್ಲಿ ನೇರ ರಸ್ತೆಯ ಬದಿಯ ಮರಗಳ ಲೆಕ್ಕವಿತ್ತು, ಅಲ್ಲಿ ಒಂದು ಕೂಡಿಸಬೇಕು. ಯಾರೋ ಪುಣ್ಯಾತ್ಮ ಅದೇ ಗುಂಗಿನಲ್ಲಿ ಬೇಲಿಗೂ ಒಂದು ಕೂಡಿಸಿದ್ದ. ಅಲ್ಲಿಂದೀಚೆಗೆ ಆವೃತ್ತಿಯಿಂದ ಆವೃತ್ತಿಗೆ ಚಿತ್ರದ ಮಕ್ಕಳ ಅಂಗಿ ಬದಲಾಗಿತ್ತು, ತಲೆಗೂದಲು ಬದಲಾಗಿತ್ತು. ಇಪ್ಪತ್ತೊಂದು ಮಾತ್ರ ಕದಲಿರಲಿಲ್ಲ.

ಅಂದು ಮಾರ್ಲಿಸ್ ಬೋರ್ಡಿನ ಮೇಲೆ ಇಪ್ಪತ್ತು ಚುಕ್ಕಿ ಇಟ್ಟು, "ನಮ್ಮಪ್ಪನ ಜೊತೆ ನಾನೇ ಕಂಬ ನೆಟ್ಟಿದೀನಿ," ಎಂದಿದ್ದಳು. "ನಿಮ್ಮಪ್ಪ ಪುಸ್ತಕ ಬರ್ದಿಲ್ಲಮ್ಮ, ಕೂತ್ಕೋ," ಎಂದಿದ್ದಳು ವರ್ನಾ. ತರಗತಿಯೆಲ್ಲ ನಕ್ಕಿತ್ತು. ಆ ತಿಂಗಳ ಪರೀಕ್ಷೆಯಲ್ಲೂ ಅದೇ ಲೆಕ್ಕ ಬಂತು, ಹುಡುಗಿ ಹಟ ಹಿಡಿದು ಇಪ್ಪತ್ತೆಂದೇ ಬರೆದಳು. ಬೀಜಗಣಿತದ ಮುಂದುವರಿದ ತರಗತಿಗೆ ಸೇರಲು ಅವಳಿಗೆ ಒಂದೇ ಒಂದು ಅಂಕ ಸಾಲದೆ ಹೋಯಿತು. ಅಂದು ಒಂದು ನಿಮಿಷ ಕೂತು ತಾನೇ ಎಣಿಸಿದ್ದರೆ ಸಾಕಿತ್ತಲ್ಲ ಎಂದು ವರ್ನಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಶನಿವಾರ ಆ ಪತ್ರ ಹಿಡಿದು ನಾಲ್ಕು ಗಂಟೆ ಕಾರು ಓಡಿಸಿ ತಾನು ಪಾಠ ಹೇಳಿದ್ದ ಊರಿಗೆ ಹೋದಳು.

ಮಾರ್ಲಿಸ್ ಅಪ್ಪನ ಜಮೀನನ್ನೇ ನೋಡಿಕೊಂಡಿದ್ದಳು. ಕುರಿದೊಡ್ಡಿಗೆ ಹೊಸ ಬೇಲಿ ಹಾಕಿ, ಕೊನೆಯ ತಂತಿ ಬಿಗಿಯುತ್ತಿದ್ದಳು. ಪತ್ರ ಓದಿ ನಕ್ಕಳು.

"ಅಯ್ಯೋ, ಇದಿನ್ನೂ ಇದೆಯಾ? ಎರಡು ತಿಂಗಳು ದಿನಾ ಟಪಾಲು ಡಬ್ಬಿ ನೋಡ್ತಿದ್ದೆ. ನಮ್ಮಪ್ಪ ರೇಗಿಸೋರು, ಯಾವ ಹುಡುಗನ ಕಾಗದಕ್ಕೆ ಕಾಯ್ತಿದೀಯೇ ಅಂತ."

"ನೀನು ಬರೆದಿದ್ದೇ ಸರಿ ಮಾರ್ಲಿಸ್. ನಾನು ಎಣಿಸಲೇ ಇಲ್ಲ. ತಪ್ಪಾಯ್ತು."

"ಬಿಡಿ ಮಿಸೆಸ್ ಕೋಲ್‌ಸ್ಟಾಡ್. ನೀವಾದ್ರೂ ಏನ್ ಮಾಡ್ತೀರಿ, ಪುಸ್ತಕದಲ್ಲಿತ್ತು."

"ಹೊಸ ಪುಸ್ತಕದಲ್ಲಿ ಇಪ್ಪತ್ತು ಅಂತ ಹಾಕಿಸ್ತೀನಿ."

"ಒಳ್ಳೇದಾಯ್ತು," ಎಂದು ಮಾರ್ಲಿಸ್ ಕೈಗವಸು ಬಿಚ್ಚಿದಳು.

ವರ್ನಾಳಿಗೆ ಮನಸ್ಸು ಕೊಂಚ ಹಗುರವಾಯಿತು. ಹೊರಡುವಾಗ ಪಿಕಪ್ ಗಾಡಿಯ ಹಿಂಬದಿ ಕಣ್ಣಿಗೆ ಬಿತ್ತು. ಬೇಲಿ ಪೂರ್ತಿ ಮುಗಿದಿತ್ತು, ಆದರೂ ಅಲ್ಲೊಂದು ಹೊಸ ಕಂಬ ಮಲಗಿತ್ತು.

"ಇದೊಂದು ಉಳೀತಲ್ಲ?"

ಮಾರ್ಲಿಸ್ ಕಂಬದ ಕಡೆ ನೋಡಿದಳು, ಟೀಚರ್ ಕಡೆ ನೋಡಲಿಲ್ಲ.

"ಅದು ಪ್ರತಿ ಸಲ ಉಳಿಯತ್ತೆ. ಎಣಿಸಿದ್ಮೇಲೆ ಒಂದು ಹೆಚ್ಚಿಗೇ ತರ್ತೀನಿ. ನಂದೇ ತಪ್ಪಿರಬಹುದು ಅಂತ."