ಒರಟು ಗೋಡೆ

ನಮ್ಮ ಪಡಸಾಲೆಯಲ್ಲಿ ಮೂರು ಗೋಡೆಗಳು ನುಣ್ಣಗಿವೆ, ನಾಲ್ಕನೆಯದು ಒರಟು. ಅದಕ್ಕೆ ಟೆಕ್ಸ್ಚರ್ ಅನ್ನುತ್ತಾರೆ. ನನ್ನ ಗಂಡ ಸುಹಾಸ ಮಿರಜಿನ ಯಾವುದೋ ಹೋಟೆಲಿನಲ್ಲಿ ಅಂಥದೊಂದನ್ನು ನೋಡಿ ಬಂದು, ಏನು ಉಂಡನೆಂಬುದನ್ನೂ ಮರೆತು ಗೋಡೆಯ ವರ್ಣನೆ ಮಾಡಿದ್ದ. ಮನೆ ಕಟ್ಟಿಸುವಾಗ ಕಾಗವಾಡದ ಪೇಂಟರ್ ಮುನಾಫನನ್ನು ಕರೆಸಿ, ಹಸಿ ಲೇಪದ ಮೇಲೆ ಬಾಚಣಿಕೆಯಂಥ ಹತಾರ ಎಳೆಸಿ, ನೆಲದಿಂದ ಸೂರಿನವರೆಗೆ ಅಲೆಅಲೆಯಾಗಿ ಗೀರು ಹಾಕಿಸಿದ. ಬಿಳಿಯ ಗೋಡೆ, ಸಂಜೆ ದೀಪ ಹಾಕಿದರೆ ಗೀರಿಗೊಂದು ನೆರಳು. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಹೋಟೆಲು ಇರುವುದು ಮಿರಜಿನಲ್ಲಿ, ನಾವಿರುವುದು ಶಿರಗುಪ್ಪಿಯಲ್ಲಿ. ದೀಪಾವಳಿಯ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಚಿಮಣಿಯ ಬೂದಿ ಊರ ಮೇಲೆ ಇಳಿಯುತ್ತದೆ. ಒಣಹಾಕಿದ ಸೀರೆಯ ಮೇಲೆ, ಹಪ್ಪಳದ ಮೇಲೆ, ಕಿಟಕಿ ಮುಚ್ಚಿದರೆ ಸಂದಿಯಿಂದ ಒಳಗೆ. ನುಣ್ಣನೆಯ ಗೋಡೆಯ ಮೇಲೆ ಅದು ನಿಲ್ಲುವುದಿಲ್ಲ. ಗೀರಿನಲ್ಲಿ ಬಂದು ಕೂತರೆ ಮಾತ್ರ ಬೇಡದ ಬೀಗರ ಹಾಗೆ, ಏಳುವುದೇ ಇಲ್ಲ.

ಒದ್ದೆ ಬಟ್ಟೆ ಹಾಕಿದರೆ ಕಪ್ಪು ರಾಡಿಯಾಗಿ ಬಳಿದುಕೊಳ್ಳುತ್ತದೆ. ಒಣ ಬ್ರಶ್ಶೇ ಆಗಬೇಕು, ಅದೂ ಮೆತ್ತಗಿನದು. ಗೀರುಗಳಲ್ಲಿ ಜೇಡನ ಮರಿ, ಇರುವೆ ಮನೆ ಮಾಡಿಕೊಂಡಿರುತ್ತವೆ. ಜೈನರ ಮನೆಯಲ್ಲಿ ಅವನ್ನು ಉಜ್ಜಿ ಹಾಕುವ ಹಾಗಿಲ್ಲ. ಒಂದೊಂದನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟು ಬಂದು ಮತ್ತೆ ಸ್ಟೂಲು ಹತ್ತಬೇಕು. ಎರಡು ಹಂಗಾಮು ಕಳೆಯುವುದರೊಳಗೆ ನನ್ನ ಬಲಗೈ ಭುಜದಿಂದ ಮೇಲೆ ಏಳುವುದನ್ನೇ ಬಿಟ್ಟಿತು. ತಲೆ ಬಾಚಿಕೊಳ್ಳಲೂ ಒಲ್ಲೆ ಅನ್ನುತ್ತದೆ.

"ಆ ಗ್ವಾಡಿ ನುಣ್ಣಗ ಮಾಡಿಸ್ರಿ. ನಂಗ ಆಗವಲ್ದು," ಎಂದೆ.

"ಬಂದಾವ್ರೆಲ್ಲಾ ಮದಲ ಅದನ್ನ ನೋಡ್ತಾರ, ತ್ರಿಶಲಾ," ಎಂದು ಸುಹಾಸ ಪೇಪರು ಮಗುಚಿದ. ಇನ್ನೊಮ್ಮೆ ಹೇಳಿದಾಗ, "ನೋಡೂಣು," ಎಂದ. ಆ 'ನೋಡೂಣು' ಎಂಥದೆಂದು ನನಗೆ ಗೊತ್ತು.

ಈ ಹಂಗಾಮಿನಲ್ಲಿ ನಾನು ಬ್ರಶ್ಶು ಕೆಳಗಿಟ್ಟೆ. ಹೇಳಿ ಹೇಳಿ ಬಾಯಿ ಸೋತಿತ್ತು; ಇನ್ನು ಗೋಡೆಯೇ ಹೇಳಲಿ. ಹೊಲಸಾದದ್ದು ಕಣ್ಣಿಗೆ ಬಿದ್ದ ದಿನ ಯಾಕೆಂದು ಕೇಳುತ್ತಾನೆ, ಆಗ ಈ ಕೈ ತೋರಿಸುತ್ತೇನೆ ಅಂದುಕೊಂಡೆ. ಬೂದಿ ತುಂಬುತ್ತಾ ಹೋಯಿತು. ಸುಹಾಸ ಅದರೆದುರೇ ಕೂತು ಚಹಾ ಕುಡಿದ, ಟೀವಿ ನೋಡಿದ, ಕೇಳಲಿಲ್ಲ. ನನಗೇ ನಾಚಿಕೆಯಾಗಿ ಎಷ್ಟೋ ಸಲ ಬ್ರಶ್ಶಿಗೆ ಕೈಹಾಕಿ ಹಿಂದೆಗೆದೆ.

ಸಂಕ್ರಾಂತಿ ಕಳೆದ ಮೇಲೆ ನಾದಿನಿ ಕುಸುಮ ನಿಪ್ಪಾಣಿಯಿಂದ ಬಂದಳು. ಅವಳದೂ ಹೊಸ ಮನೆ ಏಳುತ್ತಿದೆ. ನಮ್ಮ ಗೋಡೆಯನ್ನು ಮತ್ತೊಮ್ಮೆ ನೋಡಲೆಂದೇ ಬಂದವಳು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನನಗೆ ಮುಜುಗರ. ಒಳಗೊಳಗೆ ಸಣ್ಣ ಖುಷಿಯೂ ಇತ್ತು. ತಂಗಿ ಮೂಗು ಮುರಿದರೆ ಅಣ್ಣನಿಗೆ ತಾಗುತ್ತದೆ.

"ಅಯ್ಯ ದಾದಾ!" ಕುಸುಮ ಪಡಸಾಲೆಯ ನಡುವೆಯೇ ನಿಂತು ಅಣ್ಣನನ್ನು ಕರೆದಳು. "ಹ್ವಾದ ಸಲ ಬರೇ ಬೆಳ್ಳಗಿತ್ತು. ಈಗ ನೋಡ, ಒಂದೊಂದ ಗೀರೂ ಎದ್ದ ಕಾಣಾಕತ್ತೈತಿ! ಈ ಬೂದಬಣ್ಣದ ಶೇಡ್ ಯಾವಾಗ ಕೊಡಿಸಿದಿ?"

ಸುಹಾಸ ಆ ಗೋಡೆಯನ್ನು ಮೊದಲ ಸಲ ಕಂಡವನಂತೆ ನೋಡಿದ. ಮುಖ ಅರಳಿತು.

"ಮುನಾಫನ ಕೈಗುಣ. ದಿನಾ ಹ್ವಾದಂಗ ರಂಗ ಏರತೈತಿ."

"ಹಂಗಾರ ನಂಗೂ ಇದ ಬೇಕ."

ನನಗೆ ನಗು ಬರಲಿಲ್ಲ. ಎದ್ದು ಹೋಗಿ ಎಡಗೈ ಬೆರಳನ್ನು ಒಂದು ಗೀರಿನುದ್ದಕ್ಕೂ ಎಳೆದು ಇಬ್ಬರ ಮುಂದೆ ಹಿಡಿದೆ. ಬೆರಳು ಕಪ್ಪಾಗಿತ್ತು.

"ಶೇಡ್ ಅಲ್ರಿ ಇದು, ಚಿಮಣಿ ಬೂದಿ. ಹಂಗಾಮ ಚಾಲೂ ಆದಾಗಿಂದ ನಾ ಒರಸಿಲ್ಲ. ಎರಡ ವರ್ಷ ದಿನಾ ಒರಸಿ ಒರಸಿ ಈ ಕೈ ಕಳಕೊಂಡೇನಿ."

ಸುಹಾಸ ಬೆರಳನ್ನು ನೋಡಿದ, ಗೋಡೆಯನ್ನು ನೋಡಿದ. ಸಿಟ್ಟಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವನ ಮುಖ.

"ಬಿಟ್ರ ಇಷ್ಟ ಚಂದ ಕಾಣತೈತಿ ಅಂದ್ರ, ಇಷ್ಟ ದಿನ ಯಾಕ ಒರಸ್ತಿದ್ದಿ?"

ಎಷ್ಟು ದಣಿದಿದ್ದೇನೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಬಂದವಳಿಗೆ ಚಹಾ ಬೇಕೇ ಎಂದೂ ಕೇಳದೆ, ಅದೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ.