ಕ್ಯಾಪ್ಟನ್ ಫೋಟಿಸ್ ಶತ್ರುವಿನ ಕಚೇರಿ ಸೇರಿದ್ದು

ಅಲ್ಬೇನಿಯದ ಯುದ್ಧದಿಂದ ಫೋಟಿಸ್ ಕರಪಾನೋಸ್ ಟರ್ಕಿಯ ಕರಾವಳಿಗೆ ಎದುರಾಗಿರುವ ತನ್ನ ಮಿತಿಲೀನಿ ದ್ವೀಪಕ್ಕೆ ಮರಳಿದಾಗ ಅವನ ಎದೆಯ ಮೇಲೊಂದು ಪದಕವಿತ್ತು, ಎಡಗಾಲಿನಲ್ಲಿ ಮೂರು ಬೆರಳಿರಲಿಲ್ಲ. ಕಾಲಿಗೆ ಗುಂಡು ತಗಲಿದ ಸಿಪಾಯಿ ಥೀಮಿಯೋಸನನ್ನು ಬೆನ್ನ ಮೇಲೆ ಹೊತ್ತು ಎರಡು ದಿನ ಹಿಮದಲ್ಲಿ ನಡೆದಿದ್ದ. ಗಣಿತದ ಮೇಷ್ಟ್ರಾಗಿ ಹೋದವನು ಕ್ಯಾಪ್ಟನ್ ಆಗಿ ಬಂದ. ಅವನನ್ನು ಕಂಡರೆ ಊರೇ ಎದ್ದು ನಿಲ್ಲುತ್ತಿತ್ತು.

ಮೇ ತಿಂಗಳಲ್ಲಿ ಜರ್ಮನ್ ಸೇನೆ ದ್ವೀಪಕ್ಕೆ ಇಳಿಯಿತು. ಕೆಲವು ದಿನ ಕಳೆದ ಮೇಲೆ, ಬಲೆ ಹೊಲಿದು ಮೀನು ಮಾರುವ ವಿಧವೆ ಅರೆತಿ ಅವನ ಮನೆಗೆ ಬಂದಳು.

“ಬಂದರಿನ ಕಚೇರಿಗೆ ಜರ್ಮನ್ ಗೊತ್ತಿರೋ ಗುಮಾಸ್ತ ಬೇಕಂತೆ. ನೀವು ವಿಯೆನ್ನಾದಲ್ಲಿ ಓದಿದೋರಲ್ವಾ? ಯಾವ ಹಡಗು ಎಷ್ಟು ಭಾರ ಹೊತ್ತು ಯಾವಾಗ ಹೊರಡುತ್ತೆ ಅನ್ನೋ ಲೆಕ್ಕ ನನಗೆ ಹೇಳಿ ಸಾಕು. ದೋಣೀಲಿ ಟರ್ಕಿಗೆ ದಾಟಿಸೋದು ನನ್ನ ಕೆಲಸ. ಅಲ್ಲಿ ಇಂಗ್ಲಿಷರು ಕಾಯ್ತಿರ್ತಾರೆ.”

“ಊರಿನವರು ಏನಂತಾರೆ?”

“ಉಗೀತಾರೆ. ಅವರು ಉಗಿದ್ರೇನೇ ಜರ್ಮನ್ನರು ನಿಮ್ಮನ್ನ ನಂಬೋದು.”

ಪದಕ ಪಡೆದ ಕ್ಯಾಪ್ಟನ್ನೇ ಕೆಲಸ ಕೇಳಿಕೊಂಡು ಬಂದದ್ದು ಜರ್ಮನ್ ಅಧಿಕಾರಿಗೆ ಹೆಮ್ಮೆಯ ವಿಷಯವಾಯಿತು. ಫೋಟಿಸನಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಹಡಗಿನ ಪಕ್ಕೆಯಲ್ಲಿ ಬಿಳಿ ಗೆರೆಗಳಿರುತ್ತವೆ. ಎಷ್ಟು ಗೆರೆ ನೀರಿನಲ್ಲಿ ಮುಳುಗಿವೆ ಎಂದು ನೋಡಿದರೆ ಒಳಗಿನ ಭಾರ ತಿಳಿಯುತ್ತದೆ. ಅದನ್ನವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಸಂಜೆ ಮೀನು ಕೊಳ್ಳುವ ನೆಪದಲ್ಲಿ ಅರೆತಿಯ ಕಿವಿಗೆ ಹಾಕುತ್ತಿದ್ದ.

ಒಂದು ದಿನ ಕಾಫಿ ಅಂಗಡಿಯಲ್ಲಿ ಥೀಮಿಯೋಸ್ ಊರುಗೋಲು ಊರಿಕೊಂಡು ಎದುರಿಗೇ ಬಂದು ನಿಂತ.

“ಕ್ಯಾಪ್ಟನ್ರೇ, ನನ್ನನ್ನ ಯಾಕೆ ಹೊತ್ಕೊಂಡು ಬಂದ್ರಿ? ಹಿಮದಲ್ಲೇ ಬಿಟ್ಟಿದ್ರೆ ಇದನ್ನ ನೋಡೋದಾದ್ರೂ ತಪ್ತಿತ್ತು!” ಎಂದು ಅವನ ಬೂಟಿನ ಮೇಲೆ ಉಗಿದ.

ಯಾರೋ ನಕ್ಕರು. ಫೋಟಿಸ್ ಬೂಟು ಒರೆಸಿಕೊಂಡು, ಉಳಿದ ಕಾಫಿ ಕುಡಿದು, ಎದ್ದು ಹೋದ.

ಅದೇ ವಾರ ಮದ್ದುಗುಂಡು ತುಂಬಿದ ಹಡಗೊಂದು ಬಂದರು ಬಿಟ್ಟ ಮೂರೇ ಗಂಟೆಯಲ್ಲಿ ಇಂಗ್ಲಿಷರ ದಾಳಿಗೆ ಸಿಕ್ಕಿ ಮುಳುಗಿತು. ಅಧಿಕಾರಿ ಕಚೇರಿಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಪ್ರಶ್ನಿಸಿದ. ಫೋಟಿಸನ ಸರದಿ ಬಂದಾಗ ಮಾತ್ರ ಕೈ ಬೀಸಿ, “ನೀನು ಹೋಗು. ನಿನ್ನ ಮೇಲೆ ಊರವರೇ ಉಗೀತಾರೆ,” ಎಂದ. ಫೋಟಿಸ್ ಮೇಜಿಗೆ ಮರಳಿ, ಕಿಟಕಿಯಾಚೆ ನಿಂತಿದ್ದ ಮುಂದಿನ ಹಡಗಿನ ಗೆರೆ ಎಣಿಸಿದ.

ಮೂರು ವರ್ಷ ಹೀಗೇ ನಡೆಯಿತು. ಜರ್ಮನ್ನರು ಹೊರಟುಹೋದ ದಿನ ಜನ ದೊಣ್ಣೆ ಹಿಡಿದು ಅವನ ಮನೆಯತ್ತ ನುಗ್ಗಿದರು. ಮುಂದೆ ಥೀಮಿಯೋಸನೇ ಇದ್ದ. ಅರೆತಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಬುದ್ಧಿ ಇದೆಯೇನ್ರೋ ನಿಮಗೆ? ಆ ಹಡಗುಗಳೆಲ್ಲ ತಾವಾಗೇ ಮುಳುಗಿದ್ವಾ? ಲೆಕ್ಕ ಕೊಟ್ಟೋರು ಇವರು, ದಾಟಿಸಿದೋಳು ನಾನು!”

ಥೀಮಿಯೋಸ್ ಟೋಪಿ ತೆಗೆದ.

“ಒಳಗೆ ಬಾರಯ್ಯ,” ಎಂದ ಫೋಟಿಸ್. “ಎಷ್ಟು ಹೊತ್ತು ನಿಂತಿರ್ತೀಯ ಆ ಕಾಲಲ್ಲಿ?”

ಹೆಚ್ಚಿನವರು ನಂಬಿದರು. ಎದುರು ಮನೆಯ ಮುದುಕಿ ಮಾತ್ರ ಸಾಯುವವರೆಗೂ ಅವನಿಗೆ ಮುಖ ಕೊಡಲಿಲ್ಲ. ಅವನೂ ಹೇಳಿ ನಂಬಿಸಲು ಹೋಗಲಿಲ್ಲ. ಶಾಲೆ ಮತ್ತೆ ತೆರೆದಾಗ ಸೀಮೆಸುಣ್ಣ ಹಿಡಿದು ತರಗತಿಗೆ ಹೋದ.