ಅಪ್ಪನನ್ನು ಕೊಂದವನ ದೀಕ್ಷಾಸ್ನಾನ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ನನ್ನ ಅಪ್ಪನನ್ನು ಕೊಂದವನು ನಮ್ಮ ಬ್ಯಾಪ್ಟಿಸ್ಟ್ ಸಭೆಯ ತೊಟ್ಟಿಗೆ ಇಳಿದ. ಮೂರು ಮೆಟ್ಟಿಲು, ನೀರು ಸೊಂಟದವರೆಗೆ, ಬಿಳಿ ನಿಲುವಂಗಿ ಉಬ್ಬಿ ತೇಲದಂತೆ ಅಂಚಿನಲ್ಲಿ ಸೀಸದ ಗುಂಡುಗಳು — ಇವನ ಅಂಗಿಗೂ ಅವನ್ನು ಅಮ್ಮನೇ ಹೊಲಿದಳು, ನಿನ್ನೆ, ಅವನ ಎತ್ತರ ಎಷ್ಟೋ ಎಂದು ನನ್ನನ್ನೇ ಕೇಳಿ. ಪಾಸ್ಟರ್, ನಂಗೆ ಈಜು ಬರಲ್ಲ, ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ ಈ ಮೆಕ್ಯಾನಿಕ್ಕು, ಗಂಟಲಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ, ಹನ್ನೊಂದು ವರ್ಷ ಜೈಲಿನಲ್ಲಿದ್ದ ಕೈಗಳು ಎದೆಯ ಮೇಲೆ ಮಡಚಿವೆ, ಬಲಗೈ ಹೆಬ್ಬೆರಳಿನ ಉಗುರು ಕಪ್ಪು. ಆ ಕೈ. ಆ ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು, ಅಂದು ಸಂಜೆ ನಾಲ್ಕೂ ಐವತ್ತಕ್ಕೆ, ಅಪ್ಪ ಪಾತ್ರೆ ತೊಳೆಯುತ್ತಿದ್ದರು, ಮದುವೆಯಾದಾಗಿನಿಂದ ಸಂಜೆಯ ಪಾತ್ರೆ ಅವರ ಪಾಲು, ತಳ ಹತ್ತಿದ ಪಾತ್ರೆ ಎತ್ತಿ ಅಮ್ಮನಿಗೆ, ಮೇಡಂ, ಯಾರು ಇದನ್ನ ಸುಟ್ಟಿದ್ದು, ಅದಕ್ಕೆ ಅಮ್ಮ, ನಿಮ್ಮ ಪ್ರಾರ್ಥನೆ ಮುಗೀಲೇ ಇಲ್ವಲ್ಲ ಪಾಸ್ಟರೇ, ಕಾದೂ ಕಾದೂ ತಾನೇ ಸುಟ್ಕೊಂಡ್ಬಿಡ್ತು — ಒಳಕೋಣೆಯಲ್ಲಿ ಇವನ ಹೆಂಡತಿ, ಇವನೇ ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮೂರು ದಿನದಿಂದ ನಮ್ಮನೆಯಲ್ಲಿದ್ದಳು. ಎಲ್ಲಿ ಅವಳು, ಕಳ್ಸು ಆಚೆಗೆ, ಎನ್ನುತ್ತ ಬಂದ ಇವನು. ಅಪ್ಪ ಒದ್ದೆ ಕೈ ಒರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತರು, ಕೂತ್ಕೊಳ್ಳಪ್ಪ, ಮೊದ್ಲು ಟೀ ಕುಡಿ. ಮೊದಲ ಏಟು ಎಡಗಿವಿಯ ಮೇಲೆ. ಒಟ್ಟು ಏಳು, ಮರಣೋತ್ತರ ವರದಿಯ ಎರಡನೇ ಪುಟ, ಐದನೆಯದಕ್ಕೆ ದವಡೆ ಕಳಚಿತು, ಆರನೆಯದಕ್ಕೆ ತಲೆಬುರುಡೆ ಬಿರಿಯಿತು, ಏಳನೆಯದು ಬಿದ್ದ ಮೇಲೆ ಹೊಡೆದದ್ದು. ಗೋಡೆಯ ರಕ್ತವನ್ನು ನಾನು ಬಿಸಿನೀರು ಹಾಕಿ ಉಜ್ಜಿದೆ, ಬಿಸಿನೀರು ಹಾಕಬಾರದಿತ್ತು, ಕಲೆ ಕಚ್ಚಿಕೊಂಡುಬಿಟ್ಟಿತು.

ನನ್ನ ಎಡಗೈ ಇವನ ಕತ್ತಿನ ಹಿಂದೆ, ಬಲಗೈ ಮಡಚಿದ ಕೈಗಳ ಮೇಲೆ, ಹೀಗೇ ಕಲಿಸಿದ್ದು ಅಪ್ಪ, ಇದೇ ತೊಟ್ಟಿ ಖಾಲಿಯಿದ್ದಾಗ, ಇಪ್ಪತ್ತೆರಡು ವರ್ಷದ ನನ್ನನ್ನು ತೋಳಿನ ಮೇಲೆ ಮಲಗಿಸಿ, ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ಅಯ್ಯಯ್ಯೋ, ನಿಮ್ಮಮ್ಮ ತಿನ್ಸಿ ತಿನ್ಸಿ ಹಾಳು ಮಾಡಿದಾಳೆ ಕಣೋ — ಮುನ್ನೂರ ಹದಿನೆಂಟು ಜನರನ್ನು ಮುಳುಗಿಸಿ ಎತ್ತಿದವರು, ನಮ್ಮ ಕೂದಲನ್ನು ತಾವೇ ಕತ್ತರಿಸಿ ಒಂದು ಕಡೆ ಗಿಡ್ಡ ಒಂದು ಕಡೆ ಉದ್ದ ಮಾಡಿ ಶಾಲೆಯಲ್ಲಿ ನಗೆಪಾಟಲಾಗಿಸಿದವರು, ಒಂದೇ ಸ್ಕೂಟರಿನಲ್ಲಿ ಮನೆಯ ಐದು ಮಂದಿಯನ್ನೂ ಕೂರಿಸಿಕೊಂಡು ಹೋದವರು. ಸಭೆ ಕೈ ಎತ್ತಿ ಒಪ್ಪದೆ ನಮ್ಮಲ್ಲಿ ಯಾರಿಗೂ ದೀಕ್ಷಾಸ್ನಾನವಿಲ್ಲ, ತಾನು ಹೇಗೆ ನಂಬಿದೆ ಎಂದು ಇವನು ಹೇಳಿದ ಸಾಕ್ಷಿ ಕೇಳಿ ಮೊದಲು ಎದ್ದ ಕೈ ಅಮ್ಮನದು, ಆಮೇಲೆ ಒಂದೊಂದಾಗಿ ನಲವತ್ತೊಂದು, ನಾನು ಪಾಸ್ಟರ್, ಎಣಿಸುವವನು, ನನ್ನನ್ನು ಯಾರೂ ಕೇಳಲಿಲ್ಲ. ತಂಗಿ ಕೇಳಿದಳು, ಅಣ್ಣಾ, ನಿನ್ ಕೈಲಾಗಲ್ಲ, ಬೇರೆ ಪಾಸ್ಟರನ್ನ ಕರೆಸೋಣ. ಬೇಡ, ನಾನೇ ಮಾಡ್ತೀನಿ ಎಂದೆ. ಯಾಕೆ ಹಾಗೆಂದೆ ಎಂದು ನನಗೆ ಗೊತ್ತಿತ್ತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ — ನೀರು ಮುಖದ ಮೇಲೆ ಮುಚ್ಚಿಕೊಂಡಿತು. ಎರಡು ಸೆಕೆಂಡು ಸಾಕು. ನಾಲ್ಕು. ಒಂದು ಏಟಿಗೆ ಒಂದು, ಕಿವಿ, ದವಡೆ, ಬುರುಡೆ, ಏಳು ಆಯಿತು, ಇನ್ನೂ ಒತ್ತು, ಕತ್ತು ಕೈಯಲ್ಲಿದೆ, ಮೊಣಕೈಯಿಂದ ಎದೆ ಒತ್ತು, ಗಂಟಲಗಂಟು ಮೇಲೆ, ಕೆಳಗೆ, ಗುಳ್ಳೆ, ಕಾಲು ತಾನೇ ತಾನಾಗಿ ಒದೆಯುತ್ತಿದೆ, ಸಭೆಯ ಹಾಡು ನಿಂತಿದೆ, ಯಾರೋ ಬೆಂಚು ಸರಿಸಿದರು — ಆದರೆ ಕೈ ಬಿಡಿಸಿಕೊಳ್ಳುತ್ತಿಲ್ಲ ಇವನು, ನಾನು ಹೇಳಿಕೊಟ್ಟ ಹಾಗೆ ಎದೆಯ ಮೇಲೇ ಇಟ್ಟುಕೊಂಡಿದ್ದಾನೆ, ದೀಕ್ಷಾಸ್ನಾನ ಎಂದೂ ನೋಡಿಲ್ಲವಲ್ಲ, ಇದು ಇಷ್ಟು ಹೊತ್ತೇ ಇರುತ್ತದೆ ಎಂದುಕೊಂಡಿದ್ದಾನೆ, ನಂಬಿದ್ದಾನೆ, ನೀರಿನಡಿ ಕಣ್ಣು ತೆರೆದಿದೆ, ನನ್ನನ್ನೇ ನೋಡುತ್ತಿದೆ, ಗಂಟಲಗಂಟು ಮೇಲೆ, ಗಂಟಲಗಂಟು —

ಅಮ್ಮ ಉಟ್ಟ ಬಟ್ಟೆಯಲ್ಲೇ ತೊಟ್ಟಿಗೆ ಇಳಿದು ಅವನ ಇನ್ನೊಂದು ಭುಜ ಹಿಡಿದಳು. ಇಬ್ಬರೂ ಸೇರಿ ಎತ್ತಿದೆವು. ಅವನು ಬಹಳ ಹೊತ್ತು ಕೆಮ್ಮಿ, ನೀರು ಕಾರಿ, ಥ್ಯಾಂಕ್ಸ್ ಪಾಸ್ಟರ್ ಎಂದ. ಬುಧವಾರ ನಾನು ಸಭೆಗೆ ರಾಜೀನಾಮೆ ಕೊಟ್ಟೆ.